ನೆಟ್‌ವರ್ಕ್ ಇಲ್ಲದ ಕಡೆ 112 ಕೆಲಸ ಮಾಡುವುದಿಲ್ಲ: ಔಟ್‌ಬ್ಯಾಕ್‌ಗೆ ಹೊರಟವರಿಗೆ ಸ್ಪಷ್ಟನೆ

ಮಕ್ಕಳನ್ನು ಕರೆದುಕೊಂಡು ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ಗೆ, ಅಂದರೆ ಜನವಸತಿ ವಿರಳವಾದ ಒಳನಾಡಿಗೆ ಕ್ಯಾಂಪಿಂಗ್ ಹೋಗುವವರಿಗೆ ಒಂದು ವಾಟ್ಸಾಪ್ ಸಂದೇಶ ಬರುತ್ತಿದೆ: ‘ನೆಟ್‌ವರ್ಕ್ ಇಲ್ಲದಿದ್ದರೂ 112 ಒತ್ತಿ, ಕರೆ ಉಪಗ್ರಹದ ಮೂಲಕ ಹೋಗುತ್ತದೆ.’ ಇದು ತಪ್ಪು.

ಅಲ್ಲಿನ ತುರ್ತು ಸಂಖ್ಯೆ 000. ಮೊಬೈಲಿನಿಂದ 112 ಒತ್ತಿದರೂ ಕರೆ ಅಲ್ಲಿಗೇ ಹೋಗುತ್ತದೆ, ಅದಕ್ಕೆ ಬೇರೆ ಶಕ್ತಿಯೇನೂ ಇಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಸಿಗದಿದ್ದರೆ ಬೇರೆ ಕಂಪನಿಯ ಟವರ್ ಮೂಲಕ ಕರೆ ಹೋಗಬಹುದು. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲೇ. ಯಾವ ಟವರೂ ಸಿಗದ ಜಾಗದಲ್ಲಿ ಎರಡೂ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ. ಅಲ್ಲಿನ ಸರ್ಕಾರದ ತುರ್ತು ಕರೆ ಮಾಹಿತಿಯಲ್ಲೇ ಇದು ಸ್ಪಷ್ಟವಾಗಿದೆ. ದೇಶದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣ ದಾಟಿದ ಮೇಲೆ ಅಂಥ ಜಾಗಗಳೇ ಜಾಸ್ತಿ.

ಐಫೋನ್ 14 ಮತ್ತು ನಂತರದ ಫೋನ್‌ಗಳಲ್ಲಿ ಉಪಗ್ರಹದ ತುರ್ತು ಸೌಲಭ್ಯ ಇರುವುದು ನಿಜ. ಆದರೆ ಅದು ಕರೆಯಲ್ಲ, ಬರೆದು ಕಳಿಸುವ ಸಂದೇಶ. ಆಕಾಶ ತೆರೆದು ಕಾಣಬೇಕು, ಕಿರಿದಾದ ಕಣಿವೆಯೊಳಗೆ ಕಷ್ಟ.

ದೂರದ ಹಾದಿಗೆ ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಎಂಬ, ನೀವಿರುವ ಜಾಗ ತಿಳಿಸುವ ಪುಟ್ಟ ಸಾಧನ ಇಟ್ಟುಕೊಳ್ಳಿ. ಅದನ್ನು ಚಾಲೂ ಮಾಡಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಹೋಗಿ, ರಾಜಧಾನಿ ಕ್ಯಾನ್‌ಬೆರಾದಲ್ಲಿರುವ, ಅಪಾಯದಲ್ಲಿರುವವರನ್ನು ಹುಡುಕಿ ಕಾಪಾಡುವ ಕೇಂದ್ರಕ್ಕೆ ತಿಳಿಯುತ್ತದೆ. ಆಸ್ಟ್ರೇಲಿಯಾದ ಕಡಲ ಸುರಕ್ಷತಾ ಪ್ರಾಧಿಕಾರದಲ್ಲಿ ಈ ಸಾಧನದ ನೋಂದಣಿ ಉಚಿತ. ಮರಳುಗಾಡಿಗೂ ಕಡಲ ಇಲಾಖೆ, ವಿಚಿತ್ರ ಅಲ್ವಾ! ಗಾಡಿ ಕೆಟ್ಟರೆ ಸಹಾಯ ಹುಡುಕಿ ನಡೆದು ಹೋಗಬೇಡಿ, ಗಾಡಿಯ ಬಳಿಯೇ ಇರಿ. ಹುಡುಕುವವರಿಗೆ ಮೊದಲು ಕಾಣುವುದು ಅದೇ.

112ರ ಸಂದೇಶವನ್ನು ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಗುಂಪಿನಲ್ಲಿ ಹಾಕಿದ್ದರೆ, ಅದರ ಕೆಳಗೆ ಇದನ್ನೂ ಹಾಕಿಬಿಡಿ.