ಪೈಸೆಗೆ ಸಿಗುವ ಕಾಯಿನ್

"ಈಗ ಒಂದು ಪೈಸೆಯೂ ಇಲ್ಲ, ಒಂದು ರೂಪಾಯಿ ಮುಟ್ಟಿದ್ರೆ ಲೈಫ್ ಸೆಟ್ಲ್." ಮುಳುಗಿಹೋದ ಕ್ರಿಪ್ಟೋ ಕಾಯಿನ್‌ಗಳನ್ನು ಟೆಲಿಗ್ರಾಂ ಗ್ರೂಪ್‌ಗಳಲ್ಲಿ ಮಾರುವುದೇ ಹೀಗೆ. ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು ಈ ಮಾತು ನಂಬಿ ಸಂಬಳ ಸುರಿಯುವುದನ್ನು ನೋಡಿ ಸಂಕಟವಾಗುತ್ತೆ.

ಆ ಒಂದು ರೂಪಾಯಿಯ ಲೆಕ್ಕವನ್ನೇ ಹಾಕಿ ನೋಡೋಣ. 2022ರ ಮೇ ತಿಂಗಳಲ್ಲಿ ಲೂನಾ ಅನ್ನುವ ಕ್ರಿಪ್ಟೋ ಕಾಯಿನ್ ಕುಸಿಯುವ ಮೊದಲು ಇದ್ದದ್ದು ಸುಮಾರು 35 ಕೋಟಿ ಕಾಯಿನ್. ಅದರ ಜೋಡಿ ಕಾಯಿನ್ ಯುಎಸ್‌ಟಿಯನ್ನು ಒಂದು ಡಾಲರ್ ಬೆಲೆಯಲ್ಲೇ ನಿಲ್ಲಿಸಲು, ಅದು ಕೆಳಗೆ ಇಳಿದಾಗಲೆಲ್ಲ ಹೊಸ ಲೂನಾ ಹುಟ್ಟಿಸುವ ಏರ್ಪಾಡಿತ್ತು. ಕೆಲವೇ ದಿನಗಳಲ್ಲಿ ಸಂಖ್ಯೆ 6.5 ಲಕ್ಷ ಕೋಟಿಗೆ ಹೋಯಿತು. ಈಗ ಲೂನಾ ಕ್ಲಾಸಿಕ್ ಅಂತ ಮಾರಾಟವಾಗುವುದು ಅದೇ. "ಕಾಯಿನ್ ಸುಡ್ತಿದ್ದಾರೆ, ಬೆಲೆ ಏರುತ್ತೆ" ಅನ್ನುತ್ತಾರೆ. ಸುಡುವುದು ಅಂದರೆ ಕಾಯಿನ್‌ಗಳನ್ನು ಚಲಾವಣೆಯಿಂದ ಶಾಶ್ವತವಾಗಿ ತೆಗೆದುಹಾಕುವುದು. ಸುಟ್ಟಿರುವುದು ಅದರಲ್ಲಿ ಸಣ್ಣ ಪಾಲು. ಉಳಿದದ್ದಕ್ಕೆಲ್ಲ ತಲಾ ಒಂದು ರೂಪಾಯಿ ಬರಬೇಕಾದರೆ ಒಟ್ಟು ಮೌಲ್ಯ ಕರ್ನಾಟಕದ 2025-26ರ ಬಜೆಟ್ಟನ್ನೂ (ಸುಮಾರು 4.09 ಲಕ್ಷ ಕೋಟಿ ರೂಪಾಯಿ) ದಾಟಬೇಕು. ಅಷ್ಟು ಹಣ ಯಾರು ತಂದು ಹಾಕುತ್ತಾರೆ?

ಎಲ್ಲ ಕಾಯಿನ್‌ಗಳೂ ಮೋಸದಿಂದಲೇ ಸಾಯುವುದಿಲ್ಲ. ಐಸ್‌ಲ್ಯಾಂಡಿನ ಅರೋರಾಕಾಯಿನ್ ನೋಡಿ. 2008ರ ಬ್ಯಾಂಕ್ ಕುಸಿತದ ನಂತರ ಹಣ ಹೊರಗೆ ಹೋಗದಂತೆ ಸರ್ಕಾರ ಹಾಕಿದ್ದ ನಿರ್ಬಂಧಕ್ಕೆ ಉತ್ತರವಾಗಿ ಹುಟ್ಟಿದ್ದು ಅದು. 2014ರ ಮಾರ್ಚ್ 25ರಿಂದ ದೇಶದ ಪ್ರತಿಯೊಬ್ಬರಿಗೂ 31.8 ಕಾಯಿನ್ ಉಚಿತ ಅಂದರು. ಪಡೆದವರು ಅದನ್ನು ಎಲ್ಲಿ ಖರ್ಚು ಮಾಡಬೇಕು? ತೆಗೆದುಕೊಳ್ಳುವ ಅಂಗಡಿಯೇ ಅಪರೂಪ. ಮಾರಿದರು, ಬೆಲೆ ನೆಲ ಕಚ್ಚಿತು.

ಇನ್ನೊಂದು ಕಾರಣದ ಬಗ್ಗೆ ಮಾತಾಡುವವರು ಕಡಿಮೆ. ಮೈನಿಂಗ್ ಮೇಲೆ ನಿಂತ ಕಾಯಿನ್‌ಗೆ ಮೈನರ್‌ಗಳೇ ಕಾವಲು; ಕಂಪ್ಯೂಟರ್ ಓಡಿಸಿ ವಹಿವಾಟು ಖಚಿತಪಡಿಸಿ, ಪ್ರತಿಫಲವಾಗಿ ಹೊಸ ಕಾಯಿನ್ ಪಡೆಯುವವರು ಇವರು. ಬೆಲೆ ಇಳಿದರೆ ಅವರು ಬೇರೆ ಕಡೆ ಹೋಗುತ್ತಾರೆ. ಆಮೇಲೆ ಯಾರೋ ಒಬ್ಬ ಅರ್ಧಕ್ಕಿಂತ ಹೆಚ್ಚು ಮೈನಿಂಗ್ ಶಕ್ತಿ ಕೈಗೆ ತಗೊಂಡು ಅದೇ ಕಾಯಿನ್ ಎರಡು ಸಲ ಖರ್ಚು ಮಾಡಬಹುದು. 2018ರ ಮೇನಲ್ಲಿ ಬಿಟ್‌ಕಾಯಿನ್ ಗೋಲ್ಡ್‌ಗೆ ಆದದ್ದು ಇದೇ. ಹೀಗಾದ ಮೇಲೆ ಕ್ರಿಪ್ಟೋ ಕೊಡು-ಕೊಳ್ಳುವ ಎಕ್ಸ್‌ಚೇಂಜ್‌ಗಳು ಅದರ ಹೆಸರು ಕಿತ್ತುಹಾಕುತ್ತವೆ, ಇದ್ದವರೂ ಬಿಟ್ಟು ಹೋಗುತ್ತಾರೆ.

ಹಾಗಾದರೆ ಬದುಕಿಸಲು ಆಗುವುದೇ ಇಲ್ಲವಾ? ಆಗುತ್ತೆ. 2014ರಲ್ಲಿ ಡೋಜ್‌ಕಾಯಿನ್ ಇದೇ ಅಪಾಯದಲ್ಲಿತ್ತು: ಮೈನರ್‌ಗಳಿಗೆ ಸಿಗುವ ಪ್ರತಿಫಲ ಬೇಗಬೇಗ ಅರ್ಧವಾಗುತ್ತಾ ಬಂದು ಕಾವಲು ಸಡಿಲವಾಗಿತ್ತು. ಲೈಟ್‌ಕಾಯಿನ್ ಮೈನ್ ಮಾಡುವವರೇ ಜೊತೆಜೊತೆಗೆ ಡೋಜ್ ಕೂಡ ಮೈನ್ ಮಾಡುವಂತೆ ಆ ಸೆಪ್ಟೆಂಬರ್‌ನಲ್ಲಿ ಕೋಡ್ ಬದಲಿಸಿದರು, ಬದುಕಿಕೊಂಡಿತು. ಆದರೆ ಕೋಡ್ ಒಂದರಿಂದ ಅದು ಉಳಿಯಲಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ರೆಡ್ಡಿಟ್‌ನಲ್ಲಿ ಅದನ್ನು ಒಬ್ಬರಿಗೊಬ್ಬರು ಟಿಪ್ ಕೊಡುತ್ತಿದ್ದ, ಅದೇ ಕಾಯಿನ್ ಒಟ್ಟುಗೂಡಿಸಿ ಜಮೈಕಾದ ಬಾಬ್‌ಸ್ಲೆಡ್ ತಂಡವನ್ನು ಸೋಚಿ ಒಲಿಂಪಿಕ್ಸ್‌ಗೆ ಕಳಿಸಲು ನೆರವಾದ ಜನ ಆಗಲೇ ಇದ್ದರು. ಬೆಲೆ ಬಿದ್ದಾಗಲೂ ಅವರು ಬಿಡಲಿಲ್ಲ. ನಿಮಗೆ ಯಾರಾದರೂ ಹಳೇ ಕಾಯಿನ್ ತೋರಿಸಿದರೆ ಅಂಥ ಜನ ಯಾರಿದ್ದಾರೆ, ಅದರಿಂದ ಏನು ಮಾಡುತ್ತಿದ್ದಾರೆ ಅಂತ ಕೇಳಿ. ಬರೀ ಚಾರ್ಟ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ತೆರಿಗೆ ವಿಷಯವೂ ಗೊತ್ತಿರಲಿ. 2022ರಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ. ಒಂದು ಕಾಯಿನ್‌ನಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ.