ಹೂಗುಚ್ಛ ಸಂದದ್ದು ಬೇರೆಯವರಿಗೆ

ಪದವಿಯ ಕೊನೆಯ ದಿನವೇ ಪ್ರಾಧ್ಯಾಪಕರಿಗೆ ಕೃತಜ್ಞತೆ ಹೇಳಿಬಿಡಬೇಕು, ತಡವಾದರೆ ಅದು ಬರಿಯ ಔಪಚಾರಿಕತೆ ಎಂದು ಲೇಖಕರೊಬ್ಬರು ಬರೆದ ಮಾತನ್ನು ನಾನು ಒಪ್ಪಲಾರೆ. ಅಂದು ನಾನು ಹೂಗುಚ್ಛ ಕೊಟ್ಟದ್ದು ಆಂತರಿಕ ಅಂಕಗಳನ್ನು ಧಾರಾಳವಾಗಿ ನೀಡಿದವರಿಗೆ. ನನ್ನ ಪ್ರಬಂಧದ ಅಂಚಿನಲ್ಲಿ ‘ಇದು ನಿಮ್ಮ ಅಭಿಪ್ರಾಯವೋ, ಪುಸ್ತಕದ್ದೋ?’ ಎಂದು ಪೆನ್ಸಿಲಿನಲ್ಲಿ ಬರೆದು ಮೂರು ಬಾರಿ ಹಿಂದಿರುಗಿಸಿದ ಪ್ರಾಧ್ಯಾಪಕಿಗೆ ಒಂದು ನಮಸ್ಕಾರವನ್ನೂ ಹೇಳದೆ ಬಂದೆ. ಕೆಲಸಕ್ಕೆ ಸೇರಿ ವರದಿಗಳನ್ನು ಬರೆಯತೊಡಗಿದ ಮೇಲಷ್ಟೇ ಆ ಪ್ರಶ್ನೆಯ ಬೆಲೆ ತಿಳಿಯಿತು (ಅಂಕಗಳು ಎಷ್ಟಿದ್ದವೆಂಬುದು ಈಗ ನೆನಪಿಲ್ಲ). ಫ್ರೆಂಚ್ ಸಾಹಿತಿ ಆಲ್ಬೆರ್ ಕಮೂ ತಮ್ಮ ಪ್ರಾಥಮಿಕ ಶಾಲೆಯ ಗುರು ಲೂಯಿ ಜೆರ್ಮೇನ್ ಅವರಿಗೆ ಕೃತಜ್ಞತೆಯ ಪತ್ರ ಬರೆದದ್ದು ನೊಬೆಲ್ ಪ್ರಶಸ್ತಿ ಬಂದ 1957ರಲ್ಲಿ, ಆ ತರಗತಿ ಬಿಟ್ಟು ಮೂರು ದಶಕಗಳು ಕಳೆದ ಮೇಲೆ. ನಾನು ಆ ಪ್ರಾಧ್ಯಾಪಕಿಗೆ ಬರೆದದ್ದು ಒಂಬತ್ತು ವರ್ಷಗಳ ನಂತರ. ಉತ್ತರದ ಜೊತೆಗೆ ಅವರು ನನ್ನ ಪತ್ರದ ಎರಡು ಕಾಗುಣಿತದ ತಪ್ಪುಗಳನ್ನೂ ತಿದ್ದಿ ಕಳಿಸಿದ್ದರು.