ಅಂಗೈಯೊಳಗಿನ ಗುಹೆ

ಮೊನ್ನೆ ಗೆಳತಿಯೊಬ್ಬಳು ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಜಾಗಗಳಿಗೆ ಸೂಜಿ ಚುಚ್ಚುವ ಚೀನೀ ಚಿಕಿತ್ಸೆಯ ಚಾರ್ಟ್ ಕಳಿಸಿದ್ದಳು. ಮನುಷ್ಯನ ಮೈತುಂಬ ಚುಕ್ಕೆ, ಚುಕ್ಕೆಗೊಂದು ನಂಬರು: ಎಸ್‌ಟಿ 35, ಎಸ್‌ಟಿ 36, ಪಿಸಿ 8. ಹೆಸರು ಒಂದೂ ಇಲ್ಲ. ನಿಜಕ್ಕೂ ಬೇಜಾರಾಯಿತು. ಅರ್ಧ ವಿಳಾಸ ಇರುವುದೇ ಆ ಹೆಸರುಗಳಲ್ಲಿ.

ಚೀನೀಯರಿಗೆ ಅದು ಚುಕ್ಕೆಯೇ ಅಲ್ಲ. ಅವರು ಬಳಸುವ 'ಶ್ಯುಎ' ಪದಕ್ಕೆ ಗುಹೆ, ಪೊಟರೆ ಅಂತ ಅರ್ಥ. ಮಂಡಿ ಮಡಚಿ ಕೂತು ಚಿಪ್ಪಿನ ಕೆಳಗೆ ಮುಟ್ಟಿ ನೋಡಿ. ನಡುವಿನ ಗಟ್ಟಿ ಪಟ್ಟಿಯ ಆಚೆಗೊಂದು ಈಚೆಗೊಂದು ಗುಳಿ ಸಿಗುತ್ತದೆ, ಥೇಟ್ ಕರುವಿನ ಹೊಳ್ಳೆಗಳ ಹಾಗೆ. ಹೊರಗಡೆಯ ಗುಳಿಯೇ ಎಸ್‌ಟಿ 35. ಅದರ ಹೆಸರು 'ದುಬಿ', ಅಂದರೆ ಕರುವಿನ ಮೂಗು. ಕೊಟ್ಟಿಗೆ ಕಂಡವರು ಇದನ್ನು ಬಾಯಿಪಾಠ ಮಾಡಬೇಕಿಲ್ಲ.

ಅಲ್ಲಿಂದ 3 ತ್ಸುನ್ ಕೆಳಗೆ, ಮಂಡಿಯ ಕೆಳಗಿನ ಕಾಲಿನ ಮುಂಭಾಗದ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ, ಎಸ್‌ಟಿ 36. ತ್ಸುನ್ ಅಂದರೆ ಬೆರಳಿನ ಅಳತೆ. ಹೆಬ್ಬೆರಳ ಗೆಣ್ಣಿನ ಅಗಲ 1 ತ್ಸುನ್, ನಾಲ್ಕು ಬೆರಳು ಜೋಡಿಸಿದರೆ 3. ಸೂಜಿ ಚುಚ್ಚುವವರ ಬೆರಳಲ್ಲ, ಚುಚ್ಚಿಸಿಕೊಳ್ಳುವವರದ್ದು! ಮೊಣಕೈ ಗೆರೆಯಿಂದ ಮಣಿಕಟ್ಟಿನ ಗೆರೆಗೆ 12 ತ್ಸುನ್. ಆರಡಿ ಆಳಿಗೂ ಅಷ್ಟೇ, ಪುಟ್ಟ ಮಗುವಿಗೂ ಅಷ್ಟೇ. ನಮ್ಮ ಸುಶ್ರುತ ಸಂಹಿತೆಯೂ 107 ಮರ್ಮಗಳ, ಅಂದರೆ ಮೈಯ ನಾಜೂಕು ಜಾಗಗಳ, ಅಳತೆ ಹೇಳುವುದು ಬೆರಳಗಲದ ಅಂಗುಲದಲ್ಲಿ, ಅವರವರ ಅಂಗೈಯಲ್ಲಿ.

ನೇರ ನಿಂತು ಕೈ ಇಳಿಬಿಡಿ. ತೊಡೆಯ ಹೊರಮೈಗೆ ನಡುಬೆರಳ ತುದಿ ತಾಗಿದ ಕಡೆ 'ಫೆಂಗ್‌ಶಿ', ಗಾಳಿಸಂತೆ. ಎಂಥ ಹೆಸರು!

ಈ ಚಿಕಿತ್ಸೆ ಯಾವ ಕಾಯಿಲೆಗೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಬೇರೆ ಪ್ರಶ್ನೆ. ಹೆಸರು ಚಂದವಿದ್ದ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ, ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ನಂಬರುಗಳೂ ದಂಡವಲ್ಲ. ಹೆಬ್ಬೆರಳು-ತೋರುಬೆರಳ ನಡುವಿನ ಒಂದೇ ಜಾಗ ಚೀನಾದಲ್ಲಿ ಹೆಗು, ಜಪಾನಿನಲ್ಲಿ ಗೋಕೊಕು, ಕೊರಿಯಾದಲ್ಲಿ ಹಾಪ್‌ಗೋಕ್. ಮೂವರೂ ಕೂತು ಮಾತಾಡಲು ಎಲ್‌ಐ 4 ಅನ್ನುವ ಅದರ ನಂಬರು ಬೇಕು. ಆದರೆ ಕಲಿಸುವಾಗ ಮೊದಲು ಹೆಸರು, ಅದರ ಅರ್ಥ, ಆಮೇಲೆ ನಂಬರು ಅನ್ನುವುದು ನನ್ನ ಹಟ.

ನಂಬರು ಕೊಟ್ಟರೆ ಜಾಗ ಖಚಿತವಾಯಿತು ಅಂತಲೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 361 ಬಿಂದುಗಳ ಸ್ಥಾನ ಹೇಳುವ ಪುಸ್ತಕ ತಂದಿತು. ಅದರಲ್ಲೂ 6 ಬಿಂದುಗಳ ವಿಷಯದಲ್ಲಿ ತಜ್ಞರಿಗೆ ಒಮ್ಮತ ಬರಲಿಲ್ಲ. ಅವುಗಳಲ್ಲೊಂದು ಅಂಗೈಯ ಪಿಸಿ 8, 'ಲಾವೋಗುಂಗ್', ದುಡಿಮೆಯ ಅರಮನೆ. ತೋರುಬೆರಳು-ನಡುಬೆರಳ ಮೂಳೆಗಳ ಮಧ್ಯೆಯೋ, ನಡುಬೆರಳು-ಉಂಗುರಬೆರಳ ಮೂಳೆಗಳ ಮಧ್ಯೆಯೋ? ಹಳೆಯ ಗುರುತು ಇಷ್ಟೇ: ಮುಷ್ಟಿ ಕಟ್ಟು, ನಡುಬೆರಳ ತುದಿ ಮುಟ್ಟಿದ್ದೇ ಜಾಗ. ಇದನ್ನು ಬರೆಯುತ್ತ ನಾನೂ ನಾಲ್ಕು ಸಲ ಮುಷ್ಟಿ ಕಟ್ಟಿ ನೋಡಿದೆ. ನೀವೂ ನೋಡಿ, ನಿಮ್ಮದು ಎಲ್ಲಿ ತಾಗುತ್ತದೆ ಹೇಳಿ.